ಅರಗಿನ ಕೆಳಗಿನ ಆನೆ

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗಳ ಸಾಲು ಮುಗಿದು ಗಲ್ಲಿ ಕಿರಿದಾಗುವ ಕಡೆ ಇಸ್ಮತ್ ಆಪಾ ಮನೆ. ವಯಸ್ಸು ಐವತ್ತಮೂರು, ಒಬ್ಬರೇ ಇದ್ದಾರೆ. ಮುಂದಿನ ಕೋಣೆಯಲ್ಲಿ ಅವರ ಅಬ್ಬಾ ಗಫಾರ್ ಸಾಬರು ನಲವತ್ತು ವರ್ಷ ಬೊಂಬೆ ಕಡೆದ ಲೇತ್ ಇದೆ. ಈಗ ಅದು ತಿರುಗುವುದಿಲ್ಲ. ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ, ಪಕ್ಕದ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಆಪಾ ಹಳೆಯ ತಾಮ್ರದ ನಾಣ್ಯಗಳನ್ನು ಶುಚಿ ಮಾಡುತ್ತಾರೆ.

ಈ ಕೆಲಸ ಹಚ್ಚಿದವರು ನಮ್ಮ ಕಾಲೇಜಿನ ಹಿಸ್ಟರಿ ಮೇಷ್ಟ್ರು ಯೋಗಾನಂದ. ನಾಣ್ಯದ ಮೇಲೆ ಕಚ್ಚಿಕೊಂಡ ಮಣ್ಣು ಬಿಡಿಸಲು ತಾಮ್ರಕ್ಕಿಂತ ಮೆತ್ತಗಿನ ಕಡ್ಡಿ ಬೇಕಿತ್ತು. ಬೊಂಬೆಗೆ ಬಳಸುವ ಆಲೆ ಮರದಲ್ಲಿ ಅಂಥ ಕಡ್ಡಿ ಕಡೆಸಲು ಗಫಾರ್ ಸಾಬರ ಹತ್ತಿರ ಬಂದವರು, ಕಡ್ಡಿ ಮಾಡಿಕೊಟ್ಟ ಅವರ ಮಗಳ ಕೈ ತಮ್ಮ ಕೈಗಿಂತ ನಿಧಾನವಾಗಿರುವುದನ್ನು ಕಂಡರು. ಕಡ್ಡಿ ಕೊಟ್ಟು ನನ್ನ ಕೆಲಸ ಕಿತ್ತುಕೊಂಡಳು ಎಂದು ಮೇಷ್ಟ್ರು ಈಗಲೂ ರೇಗಿಸುತ್ತಾರೆ. ಮಾಗಡಿ, ಕನಕಪುರದ ಕಡೆಯಿಂದಲೂ ಆಪಾಗೆ ನಾಣ್ಯ ಬರುತ್ತದೆ. ಕಾಲೇಜಿನ ನಾಣ್ಯಗಳ ಡಬ್ಬ ಹೊತ್ತು ಶನಿವಾರ ಶನಿವಾರ ಅಲ್ಲಿಗೆ ಹೋಗುವ ಕೆಲಸ ನನ್ನದು.

ನಿಧಾನದ ಕೆಲಸ ಅದು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿ ವಾರಗಟ್ಟಲೆ ನೆನೆಸಬೇಕು, ನೀರು ಬದಲಿಸಬೇಕು, ಒಣಗಿಸಿ ಮಸೂರದ ಕೆಳಗೆ ಒಂದೊಂದೇ ಕಾಳು ಮಣ್ಣು ಬಿಡಿಸಬೇಕು. ಹಬ್ಬದ ಚೊಂಬಿನ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ತರುವವರಿದ್ದಾರೆ. ಫಳಫಳ ಹೊಳೆಯುವ ಆ ಬಿಲ್ಲೆಗಳ ಮೇಲೆ ಓದಲು ಏನೂ ಉಳಿದಿರುವುದಿಲ್ಲ. ಆಪಾ ಅವರನ್ನು ಬೈಯುವುದಿಲ್ಲ. ಕಾಗದದಲ್ಲಿ ಸುತ್ತಿ ವಾಪಸ್ ಕೊಡುತ್ತಾರೆ.

ನಾನು ಹೋದಾಗ ಮಾತಾಡುವ ಮೊದಲು ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ನನ್ನೊಡನೆ ಆಡುವುದೇ ಅವರ ಅವತ್ತಿನ ಮೊದಲ ಮಾತು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಕಿಟಕಿಯ ಪಕ್ಕದ ಗೂಡಿನಲ್ಲಿ ಒಂದು ಮರದ ಭರಣಿ. ಅದರೊಳಗೆ ಅವರದೇ ಒಂದು ನಾಣ್ಯ, ಮೈಸೂರು ಸೀಮೆಯ ಹಳೆಯ ಆನೆ ಕಾಸು. ಗಫಾರ್ ಸಾಬರಿಗೆ ಅದು ಅವರ ತಾಯಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು. ಯಾವುದನ್ನೇ ಆಗಲಿ ಕಾಪಾಡಲು ಅವರಿಗೆ ಗೊತ್ತಿದ್ದುದು ಒಂದೇ ದಾರಿ, ಅರಗು. ಬೊಂಬೆಗೆ ಹಚ್ಚುವಂತೆ ನಾಣ್ಯವನ್ನು ಬಿಸಿ ಮಾಡಿ, ಬಣ್ಣ ಸೇರಿಸದ ಅರಗು ಸವರಿ, ಗಟ್ಟಿಯಾಯಿತೇ ಎಂದು ಹೆಬ್ಬೆಟ್ಟಿನಿಂದ ಒತ್ತಿ ನೋಡಿದ್ದರು. ಆಗಿರಲಿಲ್ಲ. ಜೇನಿನ ಬಣ್ಣದ ಆ ಪದರದಲ್ಲಿ, ಆನೆಯ ಬೆನ್ನಿನ ಮೇಲೆ, ಅವರ ಬೆರಳಿನ ಗೆರೆಗಳು ಹಾಗೇ ನಿಂತುಬಿಟ್ಟವು. ಅವರು ಹೋಗಿ ಆರು ವರ್ಷ. ರೇಷನ್ ಕಾರ್ಡಿನ ಮಸುಕು ಚಿತ್ರ ಬಿಟ್ಟರೆ ಅವರ ಫೋಟೋ ಇಲ್ಲ.

ಹೋದ ವರ್ಷ ಆಷಾಢದ ಜಡಿಮಳೆಯಲ್ಲಿ ಅರಗಿನ ಕೆಳಗೆ ತಿಳಿಹಸಿರು ಪುಡಿ ಕಾಣಿಸಿತು. ತಾಮ್ರದ ಮೇಲಿನ ಗಾಢ ಹಸಿರು ನಾಣ್ಯದ ಚರ್ಮವಿದ್ದಂತೆ, ಅದನ್ನು ಮುಟ್ಟಬಾರದು. ಈ ತಿಳಿಹಸಿರು ರೋಗ. ಉಪ್ಪಿನಂಶ ಒಳಗಿದ್ದು ಥಂಡಿ ತಗುಲಿದರೆ ಅದು ತಾನಾಗಿ ನಿಲ್ಲುವುದಿಲ್ಲ, ತಾಮ್ರವನ್ನು ತಿನ್ನುತ್ತಲೇ ಹೋಗುತ್ತದೆ. ಉಪ್ಪು ತೆಗೆಯಬೇಕಾದರೆ ಮೊದಲು ಅರಗು ತೆಗೆಯಬೇಕು. ಬೇರೆಯವರ ನಾಣ್ಯವಾಗಿದ್ದರೆ ಆಪಾ ಅವತ್ತೇ ತೆಗೆಯುತ್ತಿದ್ದರು. ಇದು ಎಂಟು ತಿಂಗಳು ಭರಣಿಯಲ್ಲೇ ಉಳಿಯಿತು. ಹಸಿರು ಸಾಸಿವೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಯಿತು. ಆನೆಯ ಹಿಂಗಾಲು ಅದರೊಳಗೆ ಮುಳುಗಿತು.

ಅದು ಶುರುವಾದದ್ದು ಹೆಬ್ಬೆಟ್ಟಿನ ಗುರುತಿನ ನಡುವೆಯೇ. ಯಾಕೆ ಎಂದು ಕೇಳಿದೆ.

"ಅಬ್ಬಾಗೆ ಕೈ ಬೆವರ್ತಿತ್ತು ಕಣಮ್ಮ. ಕೆಲ್ಸದ ಕೈ. ಅರಗು ಹಚ್ಚೋಕೆ ಮುಂಚೆ ಎಷ್ಟು ಸತಿ ಅಲ್ಲೇ ಮುಟ್ಟಿದ್ರೋ. ಬೆವರಲ್ಲಿ ಉಪ್ಪಿರ್ತದಲ್ಲ, ಅದೇ ತಿಂತಾ ಐತೆ."

ಯೋಗಾನಂದ ಮೇಷ್ಟ್ರು ಒಂದು ದಿನ ಬಂದು ನೋಡಿದರು. ತೆಗೆ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಇನ್ನೊಂದು ಮಳೆಗಾಲ ಇದು ತಡೆಯುವುದಿಲ್ಲ ಎಂದಷ್ಟೇ ಹೇಳಿದರು. ಆಪಾ ಎದ್ದು ಹೋಗಿ ಟೀ ಮಾಡಿದರು. ಸಕ್ಕರೆ ಹಾಕುವುದು ಮರೆತಿದ್ದರು. ಮೇಷ್ಟ್ರು ಲೋಟ ಖಾಲಿ ಮಾಡಿದರು.

ಮಾರ್ಚಿನ ಒಂದು ಶನಿವಾರ ಹೋದಾಗ ಮೇಜಿನ ಮೇಲೆ ಸ್ಪಿರಿಟ್ ಬಾಟಲಿ, ಹತ್ತಿ, ನಡುವೆ ಆ ನಾಣ್ಯ. ನಾನು ಬರಲಿ ಎಂದು ಕಾದಿದ್ದರು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಡು ಎಂದರು. ಐದು ತೆಗೆದೆ. ಐದರಲ್ಲೂ ಅರಗಿನ ಮೇಲೆ ಬಿದ್ದ ಕಿಟಕಿಯ ಬೆಳಕೇ ಬಂತು, ಗೆರೆ ಬರಲಿಲ್ಲ. ಪರದೆ ಎಳೆದು ಇನ್ನೊಮ್ಮೆ ನೋಡುತ್ತೇನೆ ಎಂದೆ.

"ಬುಡು," ಎಂದರು. "ಫೋಟೋ ಅಂದ್ರೆ ಅಬ್ಬಾ ಯಾವತ್ತು ನೆಟ್ಗೆ ನಿಂತವ್ರೆ?"

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಂಚಿನಿಂದ ಶುರುಮಾಡಿದರು. ಅರಗು ಕರಗಿ ಕಂದು ಬಣ್ಣವಾಗಿ ಹತ್ತಿಗೆ ಬಂತು. ಬೆರಳಿನ ಗುರುತಿನ ಹತ್ತಿರ ಬಂದಾಗ ನಿಲ್ಲಿಸುತ್ತಾರೇನೋ ಅಂದುಕೊಂಡೆ. ಕೈ ಅದೇ ನಿಧಾನದಲ್ಲಿ ಮುಂದಕ್ಕೆ ಹೋಯಿತು. ಮೂರು ಉಂಡೆ ಹತ್ತಿ ಬೇಕಾಯಿತು.

ಆಮೇಲೆ ಆಲೆ ಮರದ ಕಡ್ಡಿಯಿಂದ ಹಸಿರು ಪುಡಿ ಬಿಡಿಸಿದರು. ಮೂರು ತಿಂಗಳು ನಾಣ್ಯ ನೀರಿನಲ್ಲಿತ್ತು. ಜೂನಿನಲ್ಲಿ ಒಣಗಿಸಿ, ಒದ್ದೆ ಹತ್ತಿಯ ಜೊತೆ ಡಬ್ಬದಲ್ಲಿ ಮುಚ್ಚಿಟ್ಟರು. ಉಪ್ಪು ಉಳಿದಿದ್ದರೆ ಆ ಥಂಡಿಗೆ ಹಸಿರು ಮತ್ತೆ ಏಳುತ್ತದೆ. ಎರಡು ದಿನ ಬಿಟ್ಟು ತೆಗೆದರು. ಏನೂ ಎದ್ದಿರಲಿಲ್ಲ. ಸೊಂಡಿಲಿತ್ತು, ಕಿವಿಯಿತ್ತು. ಹಿಂಗಾಲಿನ ಜಾಗದಲ್ಲಿ ಒಂದು ಗುಳಿ.

ಕೊನೆಯ ಕೆಲಸ, ಸ್ಪಿರಿಟ್ಟಿನಲ್ಲಿ ಕರಗಿಸಿದ ತೆಳು ಅರಗನ್ನು ಬ್ರಶ್ಶಿನಿಂದ ಹಚ್ಚುವುದು. ಆಪಾ ಗ್ಲೌಸ್ ಹಾಕಿಕೊಂಡು, ನಾಣ್ಯವನ್ನು ಮರದ ಚಿಮಟದಲ್ಲಿ ಅಂಚಿನಲ್ಲಷ್ಟೇ ಹಿಡಿದು ಹಚ್ಚಿದರು. ಒಣಗಿದ ಮೇಲೆ ಮಸೂರ ನನ್ನ ಕಡೆ ತಳ್ಳಿದರು.

"ಎಲ್ಲಾದ್ರೂ ಬೆರಳಿನ ಗುರ್ತು ಬಿದ್ದೈತಾ, ನೋಡು."

ಎರಡೂ ಮುಖ ತಿರುಗಿಸಿ ನೋಡಿದೆ.

"ಇಲ್ಲ ಆಪಾ."

ಅವರು ಅದನ್ನು ಭರಣಿಗೆ ಹಾಕಿ, ಮುಚ್ಚಳ ತಿರುಗಿಸಿ, ನಾನು ತಂದಿದ್ದ ಕಾಲೇಜಿನ ಡಬ್ಬ ತೆರೆದರು.