ಹೋದ ಸಾಲು, ಬಂದ ಸಾಲು

ಅವಳ ಸೆರಗಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ತೂತುಗಳಿದ್ದವು. ಪ್ರತಿ ತೂತಿನ ಸುತ್ತ ಕೆಂಪು ದಾರದ ಒಂದು ಕಸೂತಿ ಚಿಕ್ಕಿ, ಪುಟ್ಟ ನಕ್ಷತ್ರದಂತೆ. ಲ್ಯಾಬಿನಲ್ಲಿ ತಂತಿ ಬೆಸೆಯುವಾಗ ಕಾದ ಸೀಸದ ಹನಿ ಸಿಡಿದು ಸೀರೆ ಸುಡುತ್ತಿತ್ತು. ಭಾನುವಾರ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅವಳು ಸುಟ್ಟ ಕಡೆಯೆಲ್ಲ ಚಿಕ್ಕಿ ಹಾಕುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಅದು ಬೇಕೆಂದೇ ಹಾಕಿಸಿದ ಕುಸುರಿಯಂತೆ ಕಾಣತೊಡಗಿತು; ಬೇರೆ ವಿಭಾಗದ ಹುಡುಗಿಯರು ನಿಲ್ಲಿಸಿ, ಎಲ್ಲಿ ಕೊಂಡೆ ಎಂದು ಕೇಳುತ್ತಿದ್ದರು. ನನ್ನ ಸೆರಗು ಒಮ್ಮೆಯೂ ಸುಡಲಿಲ್ಲ. ನಾನು ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಯೇ ಕೆಲಸಕ್ಕೆ ಕೂರುತ್ತಿದ್ದೆ. ನನ್ನ ಸೀರೆಯನ್ನು ಎಲ್ಲಿ ಕೊಂಡೆ ಎಂದು ಯಾರೂ ಕೇಳಲಿಲ್ಲ.

ಅವಳು ಎಂ.ಎಸ್ಸಿ.ಯಲ್ಲಿ ನನ್ನ ಲ್ಯಾಬಿನ ಜೊತೆಗಾರ್ತಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಧಾರವಾಡದಲ್ಲಿ ನಮ್ಮ ತರಗತಿಯಲ್ಲಿ ಭೌತಶಾಸ್ತ್ರ ಓದುತ್ತಿದ್ದ ಹುಡುಗಿಯರು ನಾವಿಬ್ಬರೇ ಆದ್ದರಿಂದ ಒಂದೇ ಮೇಜಿಗೆ ಹಾಕಿದ್ದರು. ಅವಳು ಕುಂದಗೋಳ ಕಡೆಯ ಕುಬಿಹಾಳದವಳು, ನಾನು ನವಲಗುಂದ ಕಡೆಯ ಮೊರಬದವಳು. ಇಬ್ಬರದೂ ಕಪ್ಪು ಎರೆಮಣ್ಣಿನ ಹೊಲ, ಇಬ್ಬರ ಮನೆಯಲ್ಲೂ ಎತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹೊಟ್ಟೆಕಿಚ್ಚಿನ ಬೇರು ಇಲ್ಲಿಯೇ ಇದೆ. ಅವಳು ಪಟ್ಟಣದವಳಾಗಿದ್ದರೆ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳಾಗಿದ್ದರೆ, ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವಳು ನಡೆಯುವಾಗ ಬಳೆ, ಕೀಲಿಗೊಂಚಲು, ಚಪ್ಪಲಿ ಎಲ್ಲವೂ ಸದ್ದು ಮಾಡುತ್ತಿದ್ದವು. ಲ್ಯಾಬಿನ ಜವಾನರಿಗೆ 'ಕಾಕಾ, ಚಾ ಆತೇನ್ರಿ?' ಎಂದು ಕೇಳಿಯೇ ಒಳಗೆ ಬರುತ್ತಿದ್ದಳು. ನಾನು ಮೀಟರನ್ನು ಮೂರು ಸಲ ನೋಡಿ ಬರೆಯುವ ಅಂಕಿಯನ್ನು ಅವಳು ಒಂದೇ ಸಲ ನೋಡಿ ಹೇಳುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು.

ಕೊನೆಯ ವರ್ಷ ನಮ್ಮ ಸರ್ ನಮ್ಮಿಬ್ಬರಿಗೂ ಕೂಡಿ ಒಂದು ಕೆಲಸ ಕೊಟ್ಟರು. ಶಬ್ದವೊಂದನ್ನು ವಿದ್ಯುತ್ತಿನ ಅಲೆಯನ್ನಾಗಿ ಮಾಡಿ, ಆ ಸಿಗ್ನಲ್ಲಿನಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಎಂದು ಅಳೆಯಬೇಕು. ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ವರ್ಗ ಮಾಡುವ ಒಂದು ಸರ್ಕಿಟ್, ಅದನ್ನೆಲ್ಲ ಕೂಡಿಸುತ್ತ ಹೋಗುವ ಇನ್ನೊಂದು, ಕೊನೆಗೆ ಒಂದು ಮುಳ್ಳಿನ ಮೀಟರ್. ಕೆಲಸ ಒಪ್ಪಿಸುವಾಗಲೇ ಸರ್ ಇನ್ನೊಂದು ಮಾತು ಹೇಳಿದರು: "ನಿಮ್ಮಿಬ್ರಾಗ ಒಬ್ಬಾಕಿನ್ನ ಮುಂದ ಈ ಲ್ಯಾಬಿನ್ಯಾಗ ಇಟ್ಕೊಳ್ಳಾಕ ಬರ್ತೈತಿ. ಒಬ್ಬಾಕಿನ್ನ ಅಷ್ಟ."

ನನಗೆ ಆ ಲ್ಯಾಬು ಬೇಕಾಗಿತ್ತು. ಬೇರೆ ಯಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಹಾಸ್ಟೆಲಿನ ಪಂಕ್ತಿಯಲ್ಲಿ ಎಲ್ಲೆಡೆ ಮಾತಾಡಬೇಕು. ಕತ್ತಲು ಮಾಡಿದ ಆ ಕೋಣೆಯಲ್ಲಿ, ಅಲೆಯನ್ನು ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲಿನ ಹಸಿರು ಗೆರೆಯ ಮುಂದೆ, ನಾನು ಸುಮ್ಮನೆ ಕೂತರೂ ಏನೋ ಮಾಡುತ್ತಿದ್ದೇನೆ ಎಂದು ಲೆಕ್ಕ.

ಶಬ್ದ ಹಿಡಿಯಲು ಟೇಪ್ ರೆಕಾರ್ಡರ್ ಹೊತ್ತುಕೊಂಡು ಕುಬಿಹಾಳಕ್ಕೆ ಹೋದೆವು. ಬಿಳಿಜೋಳ ಹಾಲುಗಾಳಾಗಿದ್ದ ದಿನಗಳು. ಅವಳ ಅವ್ವ ಹೊಲದ ಅಟ್ಟದ ಮೇಲೆ ಕೂತು ಹಕ್ಕಿ ಓಡಿಸುತ್ತಿದ್ದರು. ಒಮ್ಮೆ ಎಣ್ಣೆಡಬ್ಬಿ ಬಡಿಯುವುದು, ಒಮ್ಮೆ ಹೋ ಎಂದು ಉದ್ದಕ್ಕೆ ಕೂಗುವುದು.

"ನಾ ಒದರೂದ್ರಾಗ ಏನ್ ಹಿಡೀತೀರಬೇ?" ಎಂದರು.

"ಶಕ್ತಿ ಹಿಡೀತೀವಿ, ಯವ್ವಾ," ಎಂದಳು ಅವಳು.

"ಹಿಡದರ ನನಗ ಒಂದೀಟ ತಿರುಗಿ ಕೊಟ್ಟ ಹೋಗ್ರಿ. ಗಂಟಲ ಹರದೈತಿ."

ಲ್ಯಾಬಿಗೆ ಬಂದು ಎರಡನ್ನೂ ಹಾಕಿ ನೋಡಿದೆವು. ಡಬ್ಬಿಯ ಸಪ್ಪಳ ಪರದೆಯ ತುದಿಯವರೆಗೆ ನೆಗೆದು, ಮುಳ್ಳನ್ನು ಒಮ್ಮೆಲೇ ಏರಿಸಿ ನಿಲ್ಲಿಸಿತು. ಕೂಗಿನ ಅಲೆ ಪರದೆಯ ಮೇಲೆ ಗಿಡ್ಡಗಿತ್ತು. ಆದರೆ ಅದು ನಿಲ್ಲದೆ ನಡೆದದ್ದರಿಂದ ಮುಳ್ಳು ಮೆಲ್ಲಗೆ ಏರುತ್ತಲೇ ಹೋಗಿ, ಡಬ್ಬಿ ನಿಲ್ಲಿಸಿದ್ದ ಜಾಗವನ್ನು ದಾಟಿತು. ಅವಳು ಮೇಜು ಗುದ್ದಿ ನಕ್ಕಳು.

"ನೋಡಲೇ, ಡಬ್ಬಿ ನಾನು. ಆ ಕೂಗು ನೀನು."

ನನಗೆ ಅದು ಹೊಗಳಿಕೆ ಎನಿಸಲಿಲ್ಲ. ನನ್ನನ್ನು ಕುರಿತ ಇಂಥ ಮಾತು ಕೂಡ ಅವಳಿಗೇ ಮೊದಲು ಹೊಳೆಯಿತಲ್ಲ ಎನಿಸಿತು.

ಕೊನೆಗೆ ಸರ್ ನಮ್ಮಿಬ್ಬರನ್ನೂ ಕಿರಿಯ ತರಗತಿಯ ಮುಂದೆ ನಿಲ್ಲಿಸಿ, ಮಾಡಿದ್ದನ್ನು ತಿಳಿಸಿ ಹೇಳಿರಿ ಎಂದರು. ಯಾರನ್ನು ಉಳಿಸಿಕೊಳ್ಳಬೇಕೆಂದು ನೋಡುವುದಕ್ಕೇ ಇದು ಎಂದು ಇಬ್ಬರಿಗೂ ಗೊತ್ತಿತ್ತು. ಮೊದಲು ನಾನು. ಹಲಗೆಯ ತುಂಬ ಸಮೀಕರಣ ಬರೆದೆ. ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಅಕ್ಕಾರ, ವರ್ಗ ಯಾಕ್ರಿ? ಅಲಿ ಹೆಂಗೈತಿ ಹಂಗ ಕೂಡಿದ್ರ ಏನಾಗ್ತೈತ್ರಿ?"

"ಮೇಲಿನದು ಧನ, ಕೆಳಗಿನದು ಋಣ. ಕೂಡಿದರೆ ಸೊನ್ನೆ ಬರುತ್ತದೆ."

"ಬಂದ್ರ ಬರ್ಲಿ ಬಿಡ್ರಿ. ಸೊನ್ನಿ ಅಂತ ಬರಕೊಂಡ್ರಾತು."

ತರಗತಿ ನಕ್ಕಿತು. ಶಕ್ತಿಯ ವ್ಯಾಖ್ಯೆಯೇ ಹಾಗಿದೆ ಎಂದೆ. ಅದು ನಿಜವೂ ಹೌದು. ಆದರೆ ಆ ಹುಡುಗ ಕೂರಲಿಲ್ಲ. ಆಗ ಅವಳು ಮೇಜಿನ ಅಂಚಿನಿಂದ ಇಳಿದು ಬಂದಳು.

"ನಿಮ್ಮ ಮನ್ಯಾಗ ಎತ್ತ ಅದಾವೇನೋ?"

"ಅದಾವ್ರಿ."

"ಕುಂಟಿ ಹೂಡಿ ಹೊಲ ಹರಗತಾವ. ಈ ಬದುವಿನಿಂದ ಆ ಬದುವಿಗೆ ಹೋಗ್ತಾವ, ತಿರುಗಿ ಬರ್ತಾವ. ಸಂಜಿಮುಂದ ಎಲ್ಲಿ ನಿಂತಿರ್ತಾವ?"

"ಮುಂಜಾನಿ ಹೂಡಿದ ಬದುವಿನ ಮ್ಯಾಲೇ ನಿಂತಿರ್ತಾವ್ರಿ."

"ಹಂಗಾರ ನಿಮ್ಮಪ್ಪ ಏನಂತಾನ? ಎತ್ತು ಇದ್ದಲ್ಲೇ ಅದಾವ, ಇವತ್ತ ಏನೂ ದುಡಿದಿಲ್ಲ, ಮೇವ ಹಾಕಬ್ಯಾಡ ಅಂತಾನೇನು?"

ಇಡೀ ಕೋಣೆ ಹೋ ಎಂದಿತು. ಅವಳು ಕಾಯ್ದು, ದನಿ ಇಳಿಸಿ ಹೇಳಿದಳು: "ಹೋದ ಸಾಲೂ ದುಡಿಮಿ, ಬಂದ ಸಾಲೂ ದುಡಿಮಿ. ಬರೂದಕ್ಕ ಮೈನಸ್ ಹಚ್ಚಿದವರು ನಾವು, ಎತ್ತಿಗೆ ಅದು ಗೊತ್ತಿಲ್ಲ. ವರ್ಗ ಮಾಡಿದಿ ಅಂದ್ರ ಆ ಮೈನಸ್ ಹೋತು. ಉಳಿದದ್ದು ದುಡಿಮಿ."

ಹುಡುಗ ಕೂತ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಹಲಗೆಯ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ನಮ್ಮ ಅಪ್ಪನಿಗೆ ಬುತ್ತಿ ಒಯ್ದು ನಾನು ಎಷ್ಟೋ ಮಧ್ಯಾಹ್ನ ಬದುವಿನ ಮೇಲೆ ಕೂತಿದ್ದೇನೆ. ಎತ್ತುಗಳು ನನ್ನ ಕಾಲ ಬಳಿಯೇ ತಿರುಗುತ್ತಿದ್ದವು; ಅವುಗಳ ಉಸಿರು ನನ್ನ ಲಂಗಕ್ಕೆ ತಾಗುತ್ತಿತ್ತು. ಅವೇ ಎತ್ತು, ಅದೇ ಕುಂಟೆ, ಅದೇ ಎರೆ ಮಣ್ಣು. ಅವಳಿಗೆ ಕಂಡದ್ದು ನನಗೇಕೆ ಕಾಣಲಿಲ್ಲ? ಅವಳು ನನ್ನ ಹೊಲಕ್ಕೇ ನುಗ್ಗಿ ಬೆಳೆ ಕೊಯ್ದುಕೊಂಡು ಹೋದಂತೆ ಅನಿಸಿತು.

ಸರ್ ಅವಳನ್ನೇ ಇಟ್ಟುಕೊಂಡರು. ನಾನು ನವಲಗುಂದದಲ್ಲಿ ಪಿಯುಸಿ ಹುಡುಗರಿಗೆ ಪಾಠ ಹೇಳಲು ಸೇರಿದೆ. ಮೊರಬದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಸಂಜೆ ಕಿಟಕಿಯಾಚೆ ಹೊಲ ಸರಿಯುವಾಗ, ಈಗ ಅವಳು ಪರದೆಯ ಗುಂಡಿ ತಿರುಗಿಸುತ್ತಿರಬಹುದು, ಈಗ ಹಸಿರು ಗೆರೆ ನಡುಗುತ್ತಿರಬಹುದು ಎಂದು ನೆನೆಯುತ್ತಿದ್ದೆ. ಅವಳನ್ನು ಮರೆಯಲೆಂದು ಮಲಗುವವರೆಗೂ ಓದುತ್ತಿದ್ದೆ. ಅವಳು ಓದಿದ್ದಕ್ಕಿಂತ ಒಂದು ಅಧ್ಯಾಯವಾದರೂ ಮುಂದಿರಬೇಕು ಎಂಬ ಹಟ.

ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ಅವಳು ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಅಡಿಗೆಮನೆಯಲ್ಲಿ ಅವ್ವನ ಪಕ್ಕ ಕೂತು, ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿಂದಳು. ಅವ್ವ ಆ ಹೊತ್ತಿನಲ್ಲಿ ನಕ್ಕಷ್ಟು ನನ್ನೊಡನೆ ಒಂದು ತಿಂಗಳಲ್ಲೂ ನಕ್ಕಿರಲಿಲ್ಲ. ನಾನು ನೀರಿನ ತಂಬಿಗೆ ತುಂಬಿದ್ದರೂ ಮತ್ತೆ ತುಂಬಲು ಹೋದೆ.

ಬಸ್ಸಿಗೆ ಬಿಡಲು ಹೋದಾಗ ಹೇಳಿದಳು: "ಸಂಶೋಧನಾಕ್ಕ ಮದ್ರಾಸಿಗೆ ಹೊಂಟೀನಿ. ನನ್ನ ಜಾಗಾ ಖಾಲಿ ಆಗ್ತೈತಿ. ಬ್ಯಾರೇದವರನ್ನ ಕರಿಯೂದ್ರೊಳಗ ನೀ ನಾಳೆನ ಸರ್‌ನ ಕಾಣು."

"ನೀ ಉಟ್ಟು ಬಿಟ್ಟ ಸೀರಿ ನನಗ ಬ್ಯಾಡ."

"ಮತ್ತ ಯಾರಿಗೆ ಕೊಡ್ಲಿ? ನಿನ್ನಷ್ಟು ಆ ಲ್ಯಾಬನ್ನ ಯಾರೂ ಆಸಿಪಟ್ಟಿಲ್ಲ." ಹಾಗೆಯೇ ನಡೆಯುತ್ತ, "ನಿನಗ ನನ್ನ ಕಂಡ್ರ ಹೊಟ್ಟಿಕಿಚ್ಚು. ಮೊದಲಿಂದ ಗೊತ್ತೈತಿ ನನಗ," ಎಂದಳು.

"ಹಂಗೇನಿಲ್ಲ."

"ಇಲ್ಲ ಅನಬ್ಯಾಡಲೇ, ನಿನ್ನ ಕಿವಿ ಕೆಂಪಾಗ್ಯಾವ. ಅದು ಕೆಳಗ ಇಳಿಯೂ ಅಲಿ ಇದ್ದಂಗ. ನನ್ನ ಮ್ಯಾಲಿನ ಪ್ರೀತಿ, ಹೊಟ್ಟಿಕಿಚ್ಚು ಎರಡನ್ನೂ ಹಂಗ ಕೂಡಿದಿ ಅಂದ್ರ ಸೊನ್ನಿ ಬರ್ತೈತಿ. ನೀ ಯಾವಾಗ್ಲೂ ಹಂಗ ಕೂಡ್ತಿ. ವರ್ಗ ಮಾಡಿ ನೋಡು."

ಬಸ್ಸು ಬಂತು. ಹತ್ತುವಾಗ ಬಾಗಿಲ ಮೊಳೆಗೆ ಅವಳ ಸೆರಗು ಸಿಕ್ಕಿ ಹರಿಯಿತು. "ಇರ್ಲಿ, ಇನ್ನೊಂದು ಚಿಕ್ಕಿ," ಎಂದು ನಕ್ಕು ಒಳಗೆ ಹೋದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಈಗಲೂ ನಾನು ಅಲೆಯ ಶಕ್ತಿಯ ಪಾಠವನ್ನು ಎತ್ತುಗಳಿಂದಲೇ ಶುರು ಮಾಡುತ್ತೇನೆ. ಕುಬಿಹಾಳದ ಗೆಳತಿಯೊಬ್ಬಳು ಹೇಳಿದ್ದು ಎಂದು ಮೊದಲೇ ಹೇಳಿಯೇ ಮುಂದುವರಿಯುತ್ತೇನೆ. ಹುಡುಗರ ಮುಖ ಅರಳುವುದನ್ನು ಕಂಡಾಗಲೆಲ್ಲ, ಅರಳಿಸಿದವಳು ನಾನಲ್ಲ ಎಂದು ಮತ್ತೆ ಒಳಗೆ ಚುರ್ ಎನ್ನುತ್ತದೆ. ಅದನ್ನು ಆರಿಸುವ ಗೋಜಿಗೆ ಈಗ ನಾನು ಹೋಗುವುದಿಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾನು ನವಲಗುಂದದ ಬಸ್ಸನ್ನು ಬಿಟ್ಟು, ಮೊದಲ ಧಾರವಾಡ ಬಸ್ಸು ಹತ್ತಿದೆ. ಸರ್ ಇನ್ನೂ ಕೋಣೆಯ ಬೀಗ ತೆಗೆಯುತ್ತಿದ್ದರು. ನನ್ನನ್ನು ನೋಡಿ, "ಏನವಾ, ಆಕಿ ಜಾಗಾಕ್ಕ ಬಂದೀಯೇನು?" ಎಂದು ಕೇಳಿದರು.

"ಹೌದ್ರಿ ಸರ್," ಎಂದೆ, "ಆಕಿ ಜಾಗಾಕ್ಕ."