ಮೇಜಿನ ಮೇಲೆ ಎರಡು ಬೆರಳು

ಗರಾಜಿನಲ್ಲಿದ್ದ ಉದ್ದನೆಯ ಮೇಜಿನ ಹೊದಿಕೆ ತೆಗೆದಾಗ ಹಳೆಯ ಚೀನಾ ಟೀಯ ವಾಸನೆ ಬಂತು. ಒದ್ದೆ ಮಣ್ಣಿನ, ಬಹುಕಾಲ ಮುಚ್ಚಿಟ್ಟ ಬೀರುವಿನ ವಾಸನೆ. ಆ ಮರ ಅಷ್ಟೊಂದು ಟೀ ಕುಡಿದಿತ್ತು... ಟೀ ಆಂಟಿ ನೆನಪಾದರು.

ಕೋವಿಡ್ ಕಾಲದಲ್ಲಿ ವಾಷಿಂಗ್ಟನ್ ಡಿಸಿ ಸುತ್ತಮುತ್ತಲ ಆಫೀಸುಗಳು ಖಾಲಿಯಾಗತೊಡಗಿದಾಗ ನಾನು ಹತ್ತಿರದ ಊರು ಸ್ಟರ್ಲಿಂಗಿನಲ್ಲಿ ಹಳೆಯ ಫರ್ನಿಚರ್ ವ್ಯಾಪಾರಕ್ಕೆ ಇಳಿದೆ. ಒಂದು ಮಾತು ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ಮೇಜು ಕೊಳ್ಳುವ ಮುಂಚೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಪಾಲಿಶ್ ಸುಳ್ಳು ಹೇಳಬಹುದು, ಸದ್ದು ಹೇಳುವುದಿಲ್ಲ.

ಆಂಟಿ ಚೀನಾದವರು. ಡಿಸಿಯ ಒಂದು ಆರ್ಟ್ ಗ್ಯಾಲರಿಯಲ್ಲಿ, ಬಿಳಿ ಗೋಡೆಗಳ ನಡುವೆ, ಭಾನುವಾರ ಮಧ್ಯಾಹ್ನ ಟೀ ಕೂಟ ನಡೆಸುತ್ತಿದ್ದರು. ಅವರು ಪುಟ್ಟ ಬಟ್ಟಲುಗಳಿಗೆ ಟೀ ಸುರಿಯುವಾಗ ಗಂಡ ಗುಚಿನ್ ನುಡಿಸುತ್ತಿದ್ದರಂತೆ. ಅದು ಮಲಗಿಸಿ ನುಡಿಸುವ ತಂತಿವಾದ್ಯ. ಕೂಟದಲ್ಲಿ ಮಾತಿಲ್ಲ. ಬಟ್ಟಲು ತುಂಬಿದಾಗ ಎರಡು ಬೆರಳಿನಿಂದ ಮೇಜು ತಟ್ಟಿದರೆ ಅದೇ ಥ್ಯಾಂಕ್ಸ್.

ಗಂಡ ಕೋವಿಡ್‌ನಲ್ಲಿ ತೀರಿಕೊಂಡರು. ಆಂಟಿಯನ್ನು ಆಸ್ಪತ್ರೆಯೊಳಗೆ ಬಿಡದ ಕಾರಣ ಕೊನೆಯ ಮಾತೂ ಆಗಿರಲಿಲ್ಲ. ಆಮೇಲೂ ಆಂಟಿ ಅವರ ವಾದ್ಯವನ್ನು ಅದೇ ಜಾಗದಲ್ಲಿಟ್ಟು, ಮೊದಲ ಬಟ್ಟಲನ್ನು ಅಲ್ಲಿ ತುಂಬಿಸಿ, ಎರಡು ಬೆರಳಿನ ಆ ಸದ್ದಿಗಾಗಿ ಕಾಯುತ್ತಿದ್ದರು... ಬರಲಿಲ್ಲ. ಕೊನೆಗೆ ಸೋತು, ಇದೊಂದು ಕೂಟ ಮುಗಿಸಿ, ಮೇಜು ವಾದ್ಯ ಎಲ್ಲ ಮಾರಿ ಅಟ್ಲಾಂಟಾದ ಮಗಳ ಮನೆಗೆ ಹೋಗುತ್ತೇನೆಂದು ನನ್ನನ್ನು ಕರೆಸಿದರು.

"ಮನೇಲಿ ಕಾಫಿ ಬಿಟ್ಟು, ಟೀ ಕುಡಿಯಕ್ಕೆ ಡಿಸಿವರೆಗೂ ಡ್ರೈವ್ ಮಾಡ್ತಿದೀರಲ್ಲ, ಏನೋ ಒಳ್ಳೇ ಮಾಲೇ ಸಿಕ್ಕಿರ್ಬೇಕು" ಎಂದು ಹೆಂಡತಿ ನಕ್ಕಳು.

ಕೂಟದಲ್ಲಿ ಗಂಡನ ಖಾಲಿ ಜಾಗದ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ಆಂಟಿ ಮೊದಲು ಅಲ್ಲಿನ ಬಟ್ಟಲಿಗೆ, ಆಮೇಲೆ ನನ್ನದಕ್ಕೆ ಟೀ ಸುರಿದರು. ಆ ಬೆರಳಿನ ಪದ್ಧತಿ ನನಗೆ ಆಗಿನ್ನೂ ಗೊತ್ತಿರಲಿಲ್ಲ. ಮರ ಹೇಗಿದೆ ನೋಡೋಣವೆಂದು ಅಭ್ಯಾಸಬಲದಿಂದ ಮೇಜು ತಟ್ಟಿಬಿಟ್ಟೆ. ಆಂಟಿಯ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ನನ್ನತ್ತ ನೋಡಿದರು.

"ತಟ್ಟಿದ್ದು ನಾನೇ ಆಂಟಿ, ಮರ ಗಟ್ಟಿ ಇದೆಯಾ ಅಂತ ನೋಡಿದೆ" ಎಂದೆ ಇಂಗ್ಲಿಷಿನಲ್ಲಿ.

ಅವರು ಮೆಲ್ಲಗೆ ಹೇಳಿದರು: "ನಿಮ್ಮದು ಎರಡನೇ ಸಲದ್ದು. ಮೊದಲು ತಟ್ಟಿದ್ದು ನೀವಲ್ಲ."

ಪಕ್ಕದ ಬಟ್ಟಲಿನಲ್ಲಿ ಟೀ ಸಣ್ಣಗೆ ನಡುಗುತ್ತಿತ್ತು. ನಾನು ತಟ್ಟಿದ್ದಕ್ಕೇ ಇರಬೇಕು ಅಂದುಕೊಂಡೆ. ಆದರೆ ನನ್ನ ಕೈಗೆ ತಾಗಿಕೊಂಡೇ ಇದ್ದ ನನ್ನ ಬಟ್ಟಲಿನ ಟೀ ಕದಲಿರಲಿಲ್ಲ...

ಆಂಟಿ ಏನನ್ನೂ ಮಾರಲಿಲ್ಲ, ಅಟ್ಲಾಂಟಾಕ್ಕೂ ಹೋಗಲಿಲ್ಲ. ಚೌಕಾಸಿಗೆ ಹೆಸರಾದ ನಾನು ಅಂದು ಬೆಲೆಯನ್ನೂ ಕೇಳದೆ ಬರಿಗೈಯಲ್ಲಿ ವಾಪಸಾದೆ.

ಕಳೆದ ಚಳಿಗಾಲದಲ್ಲಿ ಅವರೂ ಹೋಗಿಬಿಟ್ಟರು. ಮಗಳು ವಾದ್ಯವನ್ನು ಒಯ್ದು, ಮೇಜನ್ನು ನನಗೆ ಬಿಟ್ಟಳು. ಗಿರಾಕಿಗಳು ಕೇಳಿದರೆ ಬೇರೆ ಮೇಜು ತೋರಿಸುತ್ತೇನೆ. ಹೆಂಡತಿಯೂ ಈಗ ಇದರ ಸುದ್ದಿ ಎತ್ತುವುದಿಲ್ಲ.

ಇವತ್ತು ಅದೇ ಮೇಜಿನ ಮೇಲೆ ಎರಡು ಬಟ್ಟಲುಗಳಿಗೆ ಟೀ ಸುರಿದೆ. ಕೈ ಎರಡನ್ನೂ ಜೇಬಿಗೆ ಸೇರಿಸಿ ಕಾದೆ. ಸದ್ದು ಬರಲಿಲ್ಲ. ಇಬ್ಬರೂ ಈಗ ಒಂದೇ ಕಡೆ ಕೂತಿರಬೇಕು, ಇಲ್ಲಿ ಬಂದು ತಟ್ಟುವ ಅಗತ್ಯ ಯಾರಿಗಿದೆ... ಆದರೂ ಟೀ ಆರುವವರೆಗೂ ಜೇಬಿನಿಂದ ಕೈ ತೆಗೆಯಲಿಲ್ಲ.