ಒಂದರಿಂದ ಬರೆಯುತ್ತಿದ್ದ ಅಣ್ಣ

ಅಮರೇಶಣ್ಣ ಬಿಸಿಯನ್ನು ಎಂದೂ ಅಂಗೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಬಲಗೈ ಬೆರಳುಗಳ ಹಿಂಭಾಗವನ್ನು ತಾಗಿಸಿ, ತುಟಿ ಅಲ್ಲಾಡಿಸುತ್ತ ಹತ್ತರವರೆಗೆ ಎಣಿಸುತ್ತಿದ್ದ. ಕರೆಂಟಿನ ಕೆಲಸ ಮಾಡುವವರ ಅಭ್ಯಾಸ ಅದು. ಅಂಗೈಯಿಂದ ಮುಟ್ಟಿದರೆ ಶಾಕ್ ಹೊಡೆದಾಗ ಕೈ ಮುಷ್ಟಿಗಟ್ಟಿ ಅಲ್ಲೇ ಹಿಡಿದುಕೊಳ್ಳುತ್ತದೆ; ಹಿಂಗೈ ಆದರೆ ತಾನಾಗಿ ದೂರ ಸರಿಯುತ್ತದೆ. ಲಿಂಗಸುಗೂರಿನಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ದಿನಗಳಿಂದ ಅವನಿಗೆ ಅದು ಹತ್ತಿಕೊಂಡಿತ್ತು. ನನಗೆ ಜ್ವರ ಬಂದರೂ ಹಣೆಗೆ ಹಾಗೆಯೇ ಬೆರಳು ತಾಗಿಸಿ ಎಣಿಸುತ್ತಿದ್ದ. "ಏಳಕ್ಕ ಕೈ ತೆಗೀಬೇಕನಿಸ್ತು. ಗುಳಿಗಿ ತೊಗೊ ತಂಗೆವ್ವ" ಎನ್ನುತ್ತಿದ್ದ.

ತೊಂಬತ್ತರ ದಶಕದ ನಡುವೆ ಒಂದು ವರ್ಷ ಹೈದರಾಬಾದಿನಲ್ಲಿದ್ದು ಕಂಪ್ಯೂಟರ್ ಜೋಡಿಸುವುದನ್ನು ಕಲಿತು ಬಂದ. ಸಿಂಧನೂರಿನಲ್ಲಿ ಗಂಗಾವತಿ ರಸ್ತೆಗೆ ತಗಡಿನ ಮಾಡಿನ ಒಂದು ಅಂಗಡಿ ಹಿಡಿದ. ಹತ್ತನೇ ತರಗತಿ ಮುಗಿಸಿ, ಟೈಪಿಂಗ್ ಕಲಿತು ಮನೆಯಲ್ಲಿ ಕೂತಿದ್ದ ನನ್ನನ್ನೂ ಕರೆದುಕೊಂಡ. ಅವ್ವ ಲಿಂಗಸುಗೂರಿನ ಮನೆಯಲ್ಲೇ ಉಳಿದಳು. ಅಣ್ಣ ಮದುವೆಯಾಗಿರಲಿಲ್ಲ. ಅವ್ವ ಆ ಮಾತು ತೆಗೆದಾಗಲೆಲ್ಲ, "ಟೆಸ್ಟಿಗೆ ಇಟ್ಟೀನಬೇ, ಮುಗೀಲಿ" ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ.

ಟೆಸ್ಟು ಎಂದರೆ ಅವನ ಪ್ರಾಣ. ಆಗ ನಮ್ಮ ಕಡೆಯ ಜನರಿಗೆ ವೇಗದ ಚಿಪ್ಪು ಇರುವ ಕಂಪ್ಯೂಟರು ಕೈಗೆಟುಕುತ್ತಿರಲಿಲ್ಲ. ಅಣ್ಣ ಕಡಿಮೆ ವೇಗದ ಚಿಪ್ಪು ತಂದು, ಬೋರ್ಡಿನ ಮೇಲೆ ಜೋಳದ ಕಾಳಿನಷ್ಟಿರುವ ಒಂದು ಜಂಪರನ್ನು, ವೇಗ ಗೊತ್ತುಪಡಿಸುವ ಕೊಂಡಿಯನ್ನು, ಕಿತ್ತು ಪಕ್ಕದ ಕಡ್ಡಿಗಳಿಗೆ ಸಿಕ್ಕಿಸುತ್ತಿದ್ದ. ನೂರಾ ಮೂವತ್ತಮೂರು ಮೆಗಾಹರ್ಟ್ಸ್ ವೇಗಕ್ಕೆ ಓಡಬೇಕಾದ ಚಿಪ್ಪು ನೂರಾ ಅರವತ್ತಾರಕ್ಕೆ ಓಡತೊಡಗುತ್ತಿತ್ತು. ಇದನ್ನು ಗಿರಾಕಿಗಳಿಂದ ಮುಚ್ಚಿಡುತ್ತಿರಲಿಲ್ಲ. "ಹೆಚ್ಚಿಗಿ ಓಡಿಸಾಕತ್ತೀನ್ರೀ. ತಡಕೊಂಡ್ರ ನಿಮಗ, ಇಲ್ಲಾಂದ್ರ ಮೊದಲಿನಂಗ ಮಾಡಿ ಕೊಡತೀನಿ" ಎಂದು ಹೇಳಿಯೇ ಕೊಡುತ್ತಿದ್ದ.

ತಡೆದುಕೊಳ್ಳುತ್ತದೆಯೇ ಎಂದು ನೋಡಲು ಒಂದು ಫ್ಲಾಪಿಯಲ್ಲಿ ಲೆಕ್ಕದ ಪ್ರೋಗ್ರಾಮ್ ಇತ್ತು. ಉತ್ತರ ಮೊದಲೇ ಗೊತ್ತಿರುವ ದೊಡ್ಡ ದೊಡ್ಡ ಲೆಕ್ಕಗಳನ್ನು ಅದು ಬಿಡುವಿಲ್ಲದೆ ಮಾಡಿಸುತ್ತಿತ್ತು. ಒಂದು ಅಂಕಿ ತಪ್ಪಿದರೂ ಅಲ್ಲಿಗೇ ನಿಂತು ತಪ್ಪೆಂದು ತೋರಿಸುತ್ತಿತ್ತು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಸಂಜೆ ಆರರವರೆಗೆ, ಹನ್ನೆರಡು ತಾಸು ಓಡಬೇಕು. ಅದೂ ಅಂಗಡಿಯ ಫ್ಯಾನು ಬಂದ್ ಮಾಡಿ, ಶಟರ್ ಅರ್ಧ ಎಳೆದು. ಮೇ ತಿಂಗಳಲ್ಲಿ ನಾವಿಬ್ಬರೂ ಒಳಗೆ ಬೆಂದುಹೋಗುತ್ತಿದ್ದೆವು. ನಾನು ಗೊಣಗಿದರೆ, "ಮಸ್ಕ್ಯಾಗ, ಮುದಗಲ್ಲಿನ್ಯಾಗ ಇದನ್ನ ಇಂಥದ ತಗಡಿನ ಅಂಗಡ್ಯಾಗ ಇಡತಾರ. ಎತ್ತಿನ ಹಲ್ಲು ಎಣಿಸಿದ್ರ ವಯಸ್ಸು ತಿಳೀತೈತಿ. ಕಸುವು ತಿಳೀಬೇಕಂದ್ರ ಬಿಸಿಲಾಗ ಹೂಡಬೇಕು" ಎನ್ನುತ್ತಿದ್ದ. ತಾಸಿಗೊಮ್ಮೆ ಎದ್ದು, ಚಿಪ್ಪಿನ ಮೇಲೆ ಕೂರಿಸಿದ ಅಲ್ಯುಮಿನಿಯಂ ತುಂಡಿಗೆ ಹಿಂಗೈ ತಾಗಿಸಿ ಎಣಿಸಿ, ನೋಟ್‌ಬುಕ್ಕಿನಲ್ಲಿ ತಾಸಿನ ಅಂಕಿ ಬರೆಯುತ್ತಿದ್ದ.

ನಡುವೆ ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಎಳೆಯುತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಮಷೀನು ಆರಿಹೋಗುತ್ತಿತ್ತು. ಆಗ ಅಣ್ಣ ಆ ಪುಟದಲ್ಲಿ "ಕರೆಂಟ್ ಹೋಯಿತು" ಎಂದು ಬರೆದು, ಮರುದಿನ ಹೊಸ ಹಾಳೆಯಲ್ಲಿ ಒಂದರಿಂದ ಶುರು ಮಾಡುತ್ತಿದ್ದ. ಹನ್ನೊಂದನೇ ತಾಸಿನಲ್ಲಿ ಹೋದರೂ ಅಷ್ಟೇ. ಒಂದು ಮಷೀನಿಗೆ ವಾರ ಹಿಡಿದದ್ದೂ ಉಂಟು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ದಿನಾ ಬಂದು ಇಣುಕಿ ಬೇಸತ್ತು, "ಏನಪಾ ಅಮರೇಶ, ನಾ ಕಂಪ್ಯೂಟರ್ ಕೇಳಿದ್ರ ನೀ ಅದಕ್ಕ ಉಪವಾಸ ಕೆಡವೀಯಲ್ಲೋ" ಎಂದರು.

"ಉಪವಾಸಲ್ರೀ ಸಾವ್ಕಾರ್ರ, ಊಟಕ್ಕ ಹಾಕಾಕತ್ತೀನಿ. ಯಾವಾಗ ಕಕ್ಕತೈತಿ ನೋಡಬೇಕಲ್ರೀ."

ಹನ್ನೆರಡು ತಾಸು ಮುಗಿದ ಮೇಲೂ ಅವನ ಬಾಯಿಂದ "ಪಾಸಾಯಿತು" ಎಂಬ ಮಾತು ಬರುತ್ತಿರಲಿಲ್ಲ. "ಇಲ್ಲೀತನಕ ತಪ್ಪಿಲ್ಲ" ಎನ್ನುತ್ತಿದ್ದ. ಯಾರಾದರೂ "ಆರಾಮೇನಪಾ?" ಎಂದರೂ ಅದೇ ಉತ್ತರ. ನಾವೆಲ್ಲ ನಗುತ್ತಿದ್ದೆವು. ಆ ಮಾತನ್ನು ನಾನು ಪೂರಾ ನಂಬಿದ್ದೆ.

ಒಂದು ಬೇಸಿಗೆಯಲ್ಲಿ ಮಸ್ಕಿಯ ಪಂಪಣ್ಣ ತನ್ನ ಸಣ್ಣ ಪ್ರೆಸ್ಸಿಗೆ ಮಷೀನು ಹೇಳಿದ್ದ. ಮಠದ ಪುಸ್ತಕವೊಂದರ ಕೆಲಸ ಹಿಡಿದಿದ್ದ, ಅವಸರದಲ್ಲಿದ್ದ. ಅಣ್ಣ ಅವ್ವನನ್ನು ನೋಡಲು ಲಿಂಗಸುಗೂರಿಗೆ ಹೋಗಿದ್ದ ದಿನ ಟೆಸ್ಟು ನನ್ನ ಪಾಲಿಗೆ ಬಂತು. ಒಂಬತ್ತು ತಾಸು ಆಗಿತ್ತು. ಪಂಪಣ್ಣ ಬಂದು ಬಾಗಿಲಲ್ಲಿ ಕೂತಿದ್ದ. ಅವನು ಚಹಾ ಕುಡಿಯಲು ಹೋದಾಗ ಕರೆಂಟ್ ಹೋಯಿತು. ಅರ್ಧ ತಾಸಿಗೆ ಬಂತು. ನಾನು ಮಷೀನು ಮತ್ತೆ ಶುರು ಮಾಡಿದೆ. ನೋಟ್‌ಬುಕ್ಕಿನಲ್ಲಿ ಒಂದು ಎಂದು ಬರೆಯಬೇಕಾದಲ್ಲಿ ಹತ್ತು ಎಂದು ಬರೆದೆ. ಆಮೇಲೆ ಹನ್ನೊಂದು, ಹನ್ನೆರಡು. ಪಂಪಣ್ಣ ಖುಷಿಯಿಂದ ಮಷೀನನ್ನು ಬಸ್ಸಿಗೇರಿಸಿಕೊಂಡು ಹೋದ.

ಐದನೇ ದಿನ ತಿರುಗಿ ಬಂದ. "ಅಮರೇಶ, ನಿನ್ನ ಮಷೀನು ನನ್ನ ಮರ್ಯಾದಿ ತಿಂತಪಾ. ಅರವತ್ತು ಪುಟ ಹೊಡೆದಿದ್ದೆ. ಮಧ್ಯಾಹ್ನದಾಗ ನಿಂತಬಿಡ್ತು. ಫೈಲ್ ತೆರೀಲಾರದಂಗ ಆಗೈತಿ" ಎಂದ.

ಅಣ್ಣ ನೋಟ್‌ಬುಕ್ ತೆಗೆದು ಆ ಪುಟವನ್ನು ಬಹಳ ಹೊತ್ತು ನೋಡಿದ. "ನಡುವ ಕರೆಂಟ್ ಹೋಗಿತ್ತೇನು?" ಎಂದು ಕೇಳಿದ.

"ಇಲ್ಲಣ್ಣ" ಎಂದೆ.

ಅವನು ನೋಟ್‌ಬುಕ್ ಮುಚ್ಚಿಟ್ಟ. ಅಂಗಡಿ ಮುಚ್ಚಿ, ನನ್ನನ್ನೂ ಕರೆದುಕೊಂಡು ಪಂಪಣ್ಣನ ಜೊತೆ ಮಸ್ಕಿ ಬಸ್ಸು ಹತ್ತಿದ. ಪಂಪಣ್ಣ ಮುಂದೆ ಕೂತಿದ್ದ. ಊರು ದಾಟಿ ಕಾಲುವೆಯ ಗದ್ದೆಗಳು ಮುಗಿಯುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಹೋಗಿತ್ತು" ಎಂದೆ.

"ಗೊತ್ತೈತಿ."

"ಹೆಂಗ?"

"ಒಂಬತ್ತರ ತನಕ ನಿನ್ನ ಅಂಕಿ ನೆಟ್ಟಗ ನಿಂತಾವ. ಹತ್ತು ಬರಿಯಾಗ ಕೈ ನಡುಗೈತಿ." ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. "ಅರ್ಧ ತಾಸು ತಣ್ಣಗಾತಂದ್ರ ಅದು ಹೊಸಾ ಮಷೀನಿದ್ದಂಗ. ಹತ್ತನೇ ತಾಸಿನ ಬಿಸಿ ಅದು ನೋಡೇ ಇಲ್ಲ. ಕರೆಂಟ್ ಹೋತು ಅಂತ ಬರದಿಟ್ಟಿದ್ರ ಏನಾಕ್ಕಿತ್ತು? ಇನ್ನೊಂದು ದಿನ ಹೋಕ್ಕಿತ್ತು. ಅಷ್ಟ."

ಮಸ್ಕಿಯಲ್ಲಿ ಮೊದಲು ಜಂಪರನ್ನು ಹಳೆಯ ಜಾಗಕ್ಕೆ ಹಾಕಿದ. ಆಮೇಲೆ ಪಂಪಣ್ಣನಿಗೆ, "ಟೆಸ್ಟ್ ಪೂರಾ ಆಗಿರಲಿಲ್ಲ. ತಪ್ಪು ನಮ್ಮದು" ಎಂದ. ನಮ್ಮದು ಎಂದ, ನನ್ನ ಹೆಸರು ಹೇಳಲಿಲ್ಲ. ಎರಡು ದಿನ ಪಂಪಣ್ಣನ ಮನೆಯಲ್ಲೇ ಉಂಡು ನಾನು ಅರವತ್ತು ಪುಟ ಟೈಪ್ ಮಾಡಿದೆ. ಅಣ್ಣ ಪಕ್ಕದಲ್ಲಿ ಕೂತು ಸಾಲು ಸಾಲು ಓದಿ ಹೇಳಿದ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಮರುವರ್ಷ ಶಿವರಾತ್ರಿಯಾದ ವಾರ, ಬೆಳಿಗ್ಗೆ ಹತ್ತು ಗಂಟೆಗೆ, ನೋಟ್‌ಬುಕ್ಕಿನಲ್ಲಿ ಅಂಕಿ ಬರೆದು ಪೆನ್ನು ಕೆಳಗಿಡುತ್ತಲೇ ಅಣ್ಣ ಎದೆ ಹಿಡಿದುಕೊಂಡು ಕುಸಿದ. ಅವನಿಗೆ ಆಗ ಮೂವತ್ತೊಂಬತ್ತು. ಪಕ್ಕದ ಅಂಗಡಿಯವರು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು, "ಹಿಂದೆ ಯಾವಾಗಾದರೂ ಹೀಗೆ ಆಗಿತ್ತೇ?" ಎಂದು ಕೇಳಿದಾಗ, "ಇಲ್ರೀ, ಇದ ಮೊದಲು. ಇಲ್ಲೀತನಕ ತಪ್ಪಿಲ್ಲ" ಎಂದ. ಡಾಕ್ಟರು ಹಾಗೆಯೇ ಬರೆದುಕೊಂಡು ಒಂದು ಇಂಜೆಕ್ಷನ್ ಕೊಟ್ಟು ಹೋದರು.

ನಾನು ಅವನ ಹಣೆಗೆ ಹಿಂಗೈ ತಾಗಿಸಿದೆ. ಬೆವರಿತ್ತು, ತಣ್ಣಗಿತ್ತು. ಹತ್ತರವರೆಗೆ ಎಣಿಸಿದರೂ ಕೈ ತೆಗೆಯಬೇಕೆನಿಸಲಿಲ್ಲ. ಅಣ್ಣ ಕಣ್ಣು ತೆರೆದ.

"ತಂಗೆವ್ವ, ನಡುವ ಕರೆಂಟ್ ಹೋಗಿತ್ತು."

ನಾನು ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಆಮೇಲೆ ತಿಳಿಯಿತು.

"ಯಾವಾಗಣ್ಣ?"

"ದಸರಾದಾಗ, ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಎದಿ ಹಿಡಕೊಂಡಿತ್ತು. ಸಂಕ್ರಾಂತಿಗೆ ಇನ್ನೊಮ್ಮೆ. ಕುಂತೆ, ಹೋತು. ನಾನೂ ಮುಂದಿನ ತಾಸು ಬರಕೋಂತ ಹ್ವಾದೆ."

"ಹೇಳಿದ್ರ ಏನಾಕ್ಕಿತ್ತಣ್ಣ?" ಅವನ ಮಾತನ್ನೇ ಅವನಿಗೆ ಹೇಳಬೇಕೆಂದು ಹೇಳಿದ್ದಲ್ಲ. ಅಳುತ್ತಿದ್ದಾಗ ಬಾಯಿಗೆ ಬಂದದ್ದು ಅದೇ.

ಅಣ್ಣ ಸ್ವಲ್ಪ ನಕ್ಕ. "ಇನ್ನೊಂದು ದಿನ ಹೋಕ್ಕಿತ್ತು" ಎಂದ.

ನಾನು ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಅವರ ಮುಖ ಬದಲಾಯಿತು. ಕೂಡಲೇ ರಾಯಚೂರಿಗೆ ಒಯ್ಯಲು ಹೇಳಿ ಜೀಪು ತರಿಸಿದರು. ಅಣ್ಣ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ದಾರಿಯಲ್ಲಿನ ಮಾನ್ವಿಯನ್ನೂ ಅವನು ದಾಟಲಿಲ್ಲ.

ಅಣ್ಣನ ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ಬಂದು ಶಟರ್ ಎತ್ತಿದೆ. ಅಂದು ಟೆಸ್ಟಿಗಿಟ್ಟಿದ್ದ ಮಷೀನು ಮೇಜಿನ ಮೇಲೆಯೇ ಇತ್ತು, ಯಾವಾಗಲೋ ಆರಿಹೋಗಿತ್ತು. ಪಕ್ಕದಲ್ಲಿ ನೋಟ್‌ಬುಕ್ ತೆರೆದೇ ಇತ್ತು. ಒಂದು, ಎರಡು, ಮೂರು, ನಾಲ್ಕು. ಅವನ ಅಂಕಿಗಳನ್ನು ಬೆರಳಿಟ್ಟು ನೋಡುತ್ತ ಬಂದೆ. ಮೂರರವರೆಗೆ ನೆಟ್ಟಗಿದ್ದವು. ನಾಲ್ಕು ಬರೆಯುವಾಗ ಕೈ ನಡುಗಿತ್ತು.

ಅದರ ಕೆಳಗೆ "ಕರೆಂಟ್ ಹೋಯಿತು" ಎಂದು ಬರೆದೆ. ಆಮೇಲೆ ಫ್ಯಾನು ಹಾಕದೆ, ಶಟರ್ ಅರ್ಧ ಎಳೆದು, ಮಷೀನು ಶುರು ಮಾಡಿದೆ. ಒಂದು ತಾಸಾದ ಮೇಲೆ ಹೊಸ ಹಾಳೆ ತೆಗೆದು ಒಂದು ಎಂದು ಬರೆದೆ.